ಆಟ ನಿಂತುಹೋದಾಗ: ಡಿ ಅಂಡ್ ಡಿ ರೂಲ್ ಗೊಂದಲ ಬಿಡಿಸುವ ಕೈಪಿಡಿ

ಡಿ ಅಂಡ್ ಡಿ, ಅಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಆಟಗಾರರು ಒಂದೊಂದು ಪಾತ್ರ ಆಡಿಸುತ್ತ, ಡೈಸ್ ಉರುಳಿಸಿ ಕಥೆ ಕಟ್ಟುವ ಆಟ. ಒಂದು ಭಾನುವಾರ ನಮ್ಮ ಟೇಬಲ್‌ನಲ್ಲಿ ಗೆಳತಿಯೊಬ್ಬಳ ವಿಝರ್ಡ್ (ಮಾಂತ್ರಿಕ ಪಾತ್ರ) ಫ್ಲೈ ಎಂಬ ಹಾರುವ ಸ್ಪೆಲ್ (ಮಂತ್ರ) ಹಾಕಿಕೊಂಡು 60 ಅಡಿ ಎತ್ತರದಲ್ಲಿ ಹಾರುತ್ತಿದ್ದ. ಶತ್ರು ಮ್ಯಾಜಿಕ್ ಮಿಸೈಲ್ ಬಿಟ್ಟ. ಮೂರು ಬಾಣ, ಮೂರೂ ತಾಗಿದವು. ಕಾನ್ಸಂಟ್ರೇಶನ್, ಅಂದರೆ ಸ್ಪೆಲ್ ಮುಂದುವರಿಸುವ ಏಕಾಗ್ರತೆ, ಉಳಿಸಿಕೊಳ್ಳೋಕೆ ಒಂದು ಸೇವ್ (ತಪ್ಪಿಸಿಕೊಳ್ಳಲು ಉರುಳಿಸುವ ಡೈಸ್) ಸಾಕಾ, ಬಾಣಕ್ಕೊಂದರಂತೆ ಮೂರು ಬೇಕಾ? ಆಟ ನಡೆಸುವ, ಶತ್ರುಗಳನ್ನು ಆಡಿಸುವ ಡಂಜನ್ ಮಾಸ್ಟರ್, ಅಂದರೆ ಡಿಎಂ, ನಾನೇ. ಮೂರು ಎಂದೆ. ಮೂರನೆಯದು ತಪ್ಪಿತು. ವಿಝರ್ಡ್ ಕೆಳಗೆ ಬಿದ್ದ, ಶತ್ರುಗಳ ನಡುವೆ ಸಾವು ತಪ್ಪಿಸುವ ಡೆತ್ ಸೇವ್‌ಗಳೂ ಕೈಕೊಟ್ಟವು, ಸತ್ತ. ಆಮೇಲೆ ಇನ್ನೊಬ್ಬ ಮೆಲ್ಲಗೆ ನೆನಪಿಸಿದ: "ಎರಡು ವಾರದ ಹಿಂದೆ ಇದೇ ಸ್ಪೆಲ್ ನಿಮ್ಮ ಮಾಂತ್ರಿಕನಿಗೆ ತಾಗಿದಾಗ ಒಂದೇ ಸೇವ್ ಅಂದಿದ್ರಿ, ಅಲ್ವಾ?"

ಹೌದು, ಅಂದಿದ್ದೆ.

ಅವತ್ತು ನಾನು ಕೊಟ್ಟ ಉತ್ತರ ತಪ್ಪು ಅಂತ ಈಗಲೂ ಹೇಳಲಾರೆ. ಆದರೆ ಗೊಂದಲ ಎಲ್ಲಿದೆ ಎಂದು ನೋಡದೆಯೇ ಉತ್ತರ ಕೊಟ್ಟಿದ್ದೆ. ಬೈಕ್ ಸ್ಟಾರ್ಟ್ ಆಗದಿದ್ದರೆ ಮೊದಲು ಪೆಟ್ರೋಲ್ ಇದೆಯಾ ನೋಡುತ್ತೇವೆ. ನೇರವಾಗಿ ಇಂಜಿನ್ ಬಿಚ್ಚುವುದಿಲ್ಲ. ರೂಲ್ ಜಗಳದಲ್ಲಿ ಮಾತ್ರ ಎಲ್ಲರೂ ಮೊದಲೇ ಇಂಜಿನ್‌ಗೆ ಕೈ ಹಾಕುತ್ತೇವೆ. ಅವತ್ತಿನಿಂದ ನಾನು ಪಾಲಿಸುತ್ತಿರುವ ಕ್ರಮ ಇಲ್ಲಿದೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

ಉದಾಹರಣೆಗಳೆಲ್ಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯವು. ಅಂದರೆ 2014ರ ಪುಸ್ತಕಗಳು ಮತ್ತು 2024ರಲ್ಲಿ ಬಂದ ಪರಿಷ್ಕೃತ ಪುಸ್ತಕಗಳು. ಬೇರೆ ಆಟ ಆಡುವವರಿಗೂ ಈ ಕ್ರಮ ನಡೆಯುತ್ತದೆ.

ಶುರು ಮಾಡುವ ಮೊದಲು ಎಚ್ಚರಿಕೆ

ಪಾತ್ರವೊಂದು ಸಾಯುವ ಹಂತದಲ್ಲಿದ್ದರೆ ಯಾವ ತೀರ್ಪನ್ನೂ ಅವಸರದಲ್ಲಿ ಕೊಡಬೇಡಿ. ಎಲ್ಲರೂ ಡೈಸ್ ಕೆಳಗಿಡಲಿ, ಚಹಾ ಕುಡಿದು ಬನ್ನಿ. ಯಾರದಾದರೂ ದನಿ ಏರಿದ್ದರೆ ಪುಸ್ತಕ ತೆರೆಯಲೂ ಬೇಡಿ. ಆ ಹೊತ್ತಿನಲ್ಲಿ ಓದಿದ ಸಾಲು ಯಾರ ಕಿವಿಗೂ ಬೀಳುವುದಿಲ್ಲ.

ಲಕ್ಷಣ: ಇಬ್ಬರೂ ಪುಸ್ತಕ ತೋರಿಸುತ್ತಾರೆ, ಎರಡರಲ್ಲೂ ಬೇರೆ ಬೇರೆ ಇದೆ

ಇದು ಅತಿ ಸಾಮಾನ್ಯ, ಸರಿಪಡಿಸಲು ಅತಿ ಸುಲಭ. ಒಬ್ಬರ ಕೈಯಲ್ಲಿ 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್, ಇನ್ನೊಬ್ಬರ ಕೈಯಲ್ಲಿ 2024ರದ್ದು. ಹೆಸರು ಒಂದೇ, ಸ್ಪೆಲ್‌ಗಳ ಹೆಸರೂ ಒಂದೇ. ಒಳಗಿನ ಮಾತು ಮಾತ್ರ ಬದಲಾಗಿದೆ.

ಗಾಯ ವಾಸಿ ಮಾಡುವ ಸ್ಪೆಲ್ ಕ್ಯೂರ್ ವೂಂಡ್ಸ್ ನೋಡಿ. 2014ರಲ್ಲಿ ಎಂಟು ಮುಖದ ಡೈಸ್ ಒಂದು, 2024ರಲ್ಲಿ ಎರಡು. ಹೀಲಿಂಗ್ ಪೋಶನ್ ಕುಡಿಯೋಕೆ 2014ರಲ್ಲಿ ಇಡೀ ಆಕ್ಷನ್ (ನಮ್ಮ ಸರದಿಯ ಮುಖ್ಯ ಕೆಲಸ) ಹೋಗುತ್ತಿತ್ತು, 2024ರಲ್ಲಿ ಬೋನಸ್ ಆಕ್ಷನ್ (ಅದರ ಜೊತೆಗಿನ ಚಿಕ್ಕ ಕೆಲಸ) ಸಾಕು. ಪ್ಯಾಲಡಿನ್ ಎಂಬ ಯೋಧನ ಡಿವೈನ್ ಸ್ಮೈಟ್ ಏಟು 2014ರಲ್ಲಿ ಕ್ಲಾಸ್‌ನ (ಪಾತ್ರದ ವರ್ಗದ) ಶಕ್ತಿ. 2024ರಲ್ಲಿ ಅದು ಬೋನಸ್ ಆಕ್ಷನ್‌ನಲ್ಲಿ ಹಾಕುವ ಸ್ಪೆಲ್. ಹಾಗಾಗಿ ಸ್ಪೆಲ್‌ಗಳನ್ನಷ್ಟೇ ತಡೆಯುವ ಕೌಂಟರ್‌ಸ್ಪೆಲ್ ಅದನ್ನು ತಡೆಯಬಹುದಾ ಎಂಬ ಪ್ರಶ್ನೆ ಒಂದು ಪುಸ್ತಕದಲ್ಲಿ ಹುಟ್ಟುವುದೇ ಇಲ್ಲ, ಇನ್ನೊಂದರಲ್ಲಿ ಹುಟ್ಟುತ್ತದೆ.

ಒಂದೇ ಟರ್ನ್‌ನಲ್ಲಿ (ಒಬ್ಬರ ಸರದಿ) ಎರಡು ಸ್ಪೆಲ್ ಹಾಕುವ ಜಗಳವೂ ಬಹಳ ಸಲ ಇಲ್ಲೇ ಮುಗಿಯುತ್ತದೆ. 2014ರ ರೂಲ್ ಪ್ರಕಾರ ಬೋನಸ್ ಆಕ್ಷನ್‌ನಲ್ಲಿ ಸ್ಪೆಲ್ ಹಾಕಿದರೆ, ಆ ಟರ್ನ್‌ನಲ್ಲಿ ಅದರ ಜೊತೆ ಒಂದು ಆಕ್ಷನ್‌ನ ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಚಿಕ್ಕ ಸ್ಪೆಲ್) ಮಾತ್ರ ಹಾಕಬಹುದು. 2024ರ ರೂಲ್ ಬೇರೆ ದಾರಿ ಹಿಡಿದಿದೆ: ಒಂದು ಟರ್ನ್‌ನಲ್ಲಿ ಒಂದೇ ಸ್ಪೆಲ್ ಸ್ಲಾಟ್ (ಸ್ಪೆಲ್ ಹಾಕಲು ಖರ್ಚಾಗುವ ಮಿತವಾದ ಶಕ್ತಿ) ಖರ್ಚು ಮಾಡಬಹುದು. ಮೊದಲನೆಯದು ಬೋನಸ್ ಆಕ್ಷನ್ ಮೇಲೆ ಕಣ್ಣಿಟ್ಟಿದೆ, ಎರಡನೆಯದು ಸ್ಲಾಟ್ ಮೇಲೆ.

ಪರಿಹಾರ: ಯಾವ ವರ್ಷದ ಪುಸ್ತಕ ಎಂದು ಒಂದು ಚೀಟಿಯಲ್ಲಿ ಬರೆದು ಡಿಎಂ ಸ್ಕ್ರೀನ್‌ಗೆ ಅಂಟಿಸಿ. ಪುಸ್ತಕ ಕೊಳ್ಳಲು ಆಗದವರು ಚಿಂತಿಸಬೇಕಿಲ್ಲ. ಮೂಲ ರೂಲ್‌ಗಳ ಉಚಿತ ದಾಖಲೆ ಎಸ್‌ಆರ್‌ಡಿ ಇದೆ. ಅದರ 5.1 ಆವೃತ್ತಿ 2014ರ ರೂಲ್‌ಗಳದ್ದು, 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆಯಾಯಿತು. 2024ರ ರೂಲ್‌ಗಳಿಗೆ 5.2 ಆವೃತ್ತಿ, ಅದು 2025ರಲ್ಲಿ ಬಂತು. ಎರಡನ್ನೂ ಫೋನ್‌ನಲ್ಲಿ ಇಟ್ಟುಕೊಳ್ಳಿ. ಗೂಗಲ್‌ನಲ್ಲಿ ಸುಮ್ನೆ ಹುಡುಕಿದರೆ ಎರಡೂ ಕಾಲದ ಉತ್ತರ ಬೆರೆತು ಬರುತ್ತವೆ, ಗೊಂದಲ ಜಾಸ್ತಿಯಾಗುತ್ತದೆ.

ಲಕ್ಷಣ: "ಹಾಗೇ ಇರೋದು, ನಂಗೆ ಗೊತ್ತು"

ಯಾರೂ ಪುಸ್ತಕ ತೆರೆದಿಲ್ಲ, ಆದರೆ ಇಬ್ಬರಿಗೂ ಪೂರ್ತಿ ನಂಬಿಕೆ. ಇಲ್ಲಿ ಜಗಳ ಎರಡು ನೆನಪುಗಳ ನಡುವೆ. ರೂಲ್ ಇನ್ನೂ ಒಳಗೇ ಬಂದಿಲ್ಲ.

ಮೊದಲು ಆ ನೆನಪು ಎಲ್ಲಿಂದ ಬಂತು ಎಂದು ಕೇಳಿ. ಈಗ ತುಂಬ ಜನ ಬಾಲ್ಡರ್ಸ್ ಗೇಟ್ 3 ಆಡಿ ಟೇಬಲ್‌ಗೆ ಬರುತ್ತಾರೆ. ಆ ವಿಡಿಯೋ ಗೇಮ್ 2023ರಲ್ಲಿ ಬಂತು, 2014ರ ರೂಲ್‌ಗಳ ಮೇಲೆ ಕಟ್ಟಿದ್ದು, ಆದರೆ ತನ್ನದೇ ಬದಲಾವಣೆ ಮಾಡಿಕೊಂಡಿದೆ. ಅಲ್ಲಿ ಸ್ಕಿಲ್ ಚೆಕ್‌ನಲ್ಲಿ (ಕೌಶಲದ ಪರೀಕ್ಷೆ) 20 ಮುಖದ ಡೈಸ್ ಮೇಲೆ 20 ಬಿದ್ದರೆ ನೇರ ಗೆಲುವು. 2014ರ ಪುಸ್ತಕದಲ್ಲಿ ಆ ಮಾತು ಅಟ್ಯಾಕ್‌ಗೆ ಇದೆ, ಸ್ಕಿಲ್ ಚೆಕ್‌ಗೆ ಇಲ್ಲ. ಅಲ್ಲಿ ಆಡಿ ಬಂದವರು ಸುಳ್ಳು ಹೇಳುತ್ತಿಲ್ಲ. ಅವರು ಕಲಿತ ಮನೆ ಬೇರೆ, ಅಷ್ಟೇ. ಚೌಕಾಬಾರ ಆಡಿದವರಿಗೆ ಇದು ಚೆನ್ನಾಗಿ ಗೊತ್ತು. ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಹೋಗಬಾರದು ಅನ್ನುವ ಮನೆಗಳಿವೆ, ಹಾಗೇನಿಲ್ಲ ಅನ್ನುವ ಮನೆಗಳೂ ಇವೆ. ರಜೆಯಲ್ಲಿ ಸೋದರಮಾವನ ಮಕ್ಕಳ ಜೊತೆ ಕೂತ ಮೊದಲ ಆಟದಲ್ಲೇ ಈ ಜಗಳ ಆಗಿರುತ್ತದೆ.

ಆಮೇಲೆ ರೂಲ್‌ನ ಪೂರ್ತಿ ಭಾಗವನ್ನು ಗಟ್ಟಿಯಾಗಿ ಓದಿಸಿ. ಜಗಳದಲ್ಲಿ ಇಲ್ಲದ ಮೂರನೆಯವರು ಓದಬೇಕು. ಇದು ಮುಖ್ಯ. ಜಗಳದಲ್ಲಿರುವವರು ತಮಗೆ ಬೇಕಾದ ಸಾಲಿನ ಹತ್ತಿರ ಬಂದು ನಿಲ್ಲಿಸಿಬಿಡುತ್ತಾರೆ. ರೋಗ್ ಎಂಬ ಕಳ್ಳ ಪಾತ್ರದ ಸ್ನೀಕ್ ಅಟ್ಯಾಕ್ (ಹೆಚ್ಚುವರಿ ಏಟು) ಬಗ್ಗೆ ನಮ್ಮಲ್ಲಿ ಆರು ತಿಂಗಳು "ರೌಂಡ್‌ಗೆ ಒಂದು ಸಲ" ಎಂದು ಆಡಿದ್ದೆವು. ಪುಸ್ತಕದಲ್ಲಿ ಇರುವುದು "ಟರ್ನ್‌ಗೆ ಒಂದು ಸಲ". ವ್ಯತ್ಯಾಸ ದೊಡ್ಡದು. ರೌಂಡ್ ಅಂದರೆ ಎಲ್ಲರ ಟರ್ನ್ ಒಂದೊಂದು ಸಲ ಮುಗಿಯುವುದು. ಶತ್ರು ತನ್ನ ಟರ್ನ್‌ನಲ್ಲಿ ಓಡಿಹೋಗುವಾಗ ರೋಗ್ ರಿಯಾಕ್ಷನ್‌ನಲ್ಲಿ (ಬೇರೆಯವರ ಟರ್ನ್‌ನಲ್ಲೂ ಮಾಡಬಹುದಾದ ಪ್ರತಿಕ್ರಿಯೆ) ಹೊಡೆದರೆ, ಉಳಿದ ಷರತ್ತು ಕೂಡಿಬಂದಿದ್ದರೆ, ಅಲ್ಲೂ ಸ್ನೀಕ್ ಅಟ್ಯಾಕ್ ಸಿಗುತ್ತದೆ.

ಸ್ಪೆಲ್‌ನಲ್ಲಿ ಬರೆಯದ್ದನ್ನು ಸೇರಿಸಿಕೊಂಡಿದ್ದೇವಾ ಎಂದೂ ನೋಡಿ. ಗ್ರೀಸ್ ಸ್ಪೆಲ್‌ಗೆ ಬೆಂಕಿ ಹಚ್ಚಬಹುದು ಎಂದು ಎಷ್ಟು ಜನ ನಂಬಿದ್ದಾರೋ! ಎಣ್ಣೆಯ ಹಾಗೆ ಕಾಣುತ್ತದೆ, ಹತ್ತಿಕೊಳ್ಳಬೇಕು ಎಂದು ಮನಸ್ಸು ಹೇಳುತ್ತದೆ. 2014ರ ಬರಹದಲ್ಲಿ ಬೆಂಕಿಯ ಮಾತೇ ಇಲ್ಲ. ಆ ಪ್ರಶ್ನೆ ಎಷ್ಟು ಸಲ ಬಂದಿರಬೇಕು ಅಂದರೆ, 2024ರ ಬರಹದಲ್ಲಿ ಅದು ಹತ್ತಿಕೊಳ್ಳದ ಗ್ರೀಸ್ ಎಂದು ಸ್ಪಷ್ಟವಾಗಿ ಬರೆದಿದ್ದಾರೆ.

ಲಕ್ಷಣ: ಒಂದೇ ವಾಕ್ಯ, ಒಂದೇ ಪದದ ಮೇಲೆ ಜಗಳ

ಇಲ್ಲಿಂದ ನಿಜವಾದ ರೂಲ್ ಕೆಲಸ ಶುರು. ಸಂತೋಷದ ಕೆಲಸವೂ ಹೌದು.

ಶತ್ರು ನಿಮ್ಮ ಪಕ್ಕದಿಂದ ದೂರ ಹೋದರೆ ರಿಯಾಕ್ಷನ್ ಬಳಸಿ ಆಪರ್ಚುನಿಟಿ ಅಟ್ಯಾಕ್ ಮಾಡಬಹುದು. ಈಗ ಮೂರು ಸನ್ನಿವೇಶ ನೋಡೋಣ. ಒಂದು, ಗೆಳೆಯ ಥಂಡರ್‌ವೇವ್ ಹಾಕಿ ಶತ್ರುವನ್ನು 10 ಅಡಿ ತಳ್ಳಿದ. ಎರಡು, ಬಾರ್ಡ್ (ಗಾಯಕ ಪಾತ್ರ) ಡಿಸೊನಂಟ್ ವಿಸ್ಪರ್ಸ್ ಹಾಕಿದ, ಶತ್ರು ಹೆದರಿ ಓಡಿದ. ಮೂರು, ಹೆದರಿ ಓಡಿದ ಆ ಶತ್ರುವಿನ ಮೇಲೆ ಮೊದಲೇ ಬೂಮಿಂಗ್ ಬ್ಲೇಡ್ ಸ್ಪೆಲ್ ಹಾಕಿತ್ತು. ಅದು ಜಾಗ ಬಿಟ್ಟರೆ ಸಿಡಿಯುತ್ತದೆ.

ಮೂರರಲ್ಲೂ ಶತ್ರು ಬೇಡದಿದ್ದರೂ ಜಾಗ ಬಿಟ್ಟ. ಹಾಗಾದರೆ ಮೂರಕ್ಕೂ ಒಂದೇ ಉತ್ತರ ಇರಬೇಕಲ್ವಾ? ಇಲ್ಲ.

ಆಪರ್ಚುನಿಟಿ ಅಟ್ಯಾಕ್ ರೂಲ್ ಶತ್ರುವಿಗೆ ಇಷ್ಟ ಇತ್ತಾ ಎಂದು ಕೇಳುವುದಿಲ್ಲ. ಅವನ ಸ್ವಂತ ಓಟ, ಆಕ್ಷನ್ ಅಥವಾ ರಿಯಾಕ್ಷನ್ ಖರ್ಚಾಯಿತಾ ಎಂದು ಕೇಳುತ್ತದೆ. ಥಂಡರ್‌ವೇವ್‌ನಲ್ಲಿ ಏನೂ ಖರ್ಚಾಗಿಲ್ಲ, ಗುಡುಗಿನ ಅಲೆ ತಳ್ಳಿತು. ಹಾಗಾಗಿ ಹೊಡೆಯುವಂತಿಲ್ಲ. ಡಿಸೊನಂಟ್ ವಿಸ್ಪರ್ಸ್‌ನಲ್ಲಿ ಶತ್ರು ತನ್ನ ರಿಯಾಕ್ಷನ್ ಬಳಸಿ ಓಡುತ್ತಾನೆ, ಸ್ಪೆಲ್‌ನಲ್ಲೇ ಹಾಗೆ ಬರೆದಿದೆ. ಹಾಗಾಗಿ ಹೊಡೆಯಬಹುದು. ಬೂಮಿಂಗ್ ಬ್ಲೇಡ್ ಮಾತ್ರ ಶತ್ರು ತಾನಾಗಿಯೇ, ಇಷ್ಟಪಟ್ಟು ಚಲಿಸಿದರೆ ಸಿಡಿಯುತ್ತದೆ ಎನ್ನುತ್ತದೆ. ಹೆದರಿ ಓಡಿದವನಿಗೆ ಅದು ಸಿಡಿಯುವುದಿಲ್ಲ.

ಪರೀಕ್ಷೆ ಹೀಗೆ: ಜಗಳದ ಪದವನ್ನು ಗುರುತಿಸಿ. ಆ ಪದ ಏನನ್ನು ಅಳೆಯುತ್ತಿದೆ? ಖರ್ಚನ್ನಾ, ಇಷ್ಟವನ್ನಾ, ದೂರವನ್ನಾ, ಕಣ್ಣಿಗೆ ಕಾಣುವುದನ್ನಾ? ಇದನ್ನು ಒಂದು ಪದದಲ್ಲಿ ಹೇಳಲು ಬಂದರೆ ಉತ್ತರ ಹೆಚ್ಚುಕಡಿಮೆ ಸಿಕ್ಕ ಹಾಗೆ.

ನಾವು ಇಂಗ್ಲಿಷ್ ಪುಸ್ತಕ ಓದಿ ಕನ್ನಡದಲ್ಲಿ ಆಡುತ್ತೇವೆ. ಅದರದ್ದೇ ಒಂದು ತೊಂದರೆಯೂ ಇದೆ. "ಟಾರ್ಗೆಟ್", "ಹಿಟ್", "ಅಟ್ಯಾಕ್" ಮೂರಕ್ಕೂ ನಾವು "ಹೊಡೆದ" ಎಂದುಬಿಡುತ್ತೇವೆ. ರೂಲ್‌ಗೆ ಅವು ಮೂರು ಬೇರೆ ಸಂಗತಿ. ಗುರಿಯಿಟ್ಟಿದ್ದು, ತಾಗಿದ್ದು, ಹೊಡೆಯಲು ಹೋದದ್ದು. ಜಗಳ ಬಿಸಿಯಾದಾಗ ಪುಸ್ತಕದ ಪದವನ್ನೇ ಬಳಸಿ.

ಲಕ್ಷಣ: ಒಂದು ರೂಲ್ ಆಗುತ್ತೆ ಅನ್ನುತ್ತದೆ, ಇನ್ನೊಂದು ಆಗಲ್ಲ ಅನ್ನುತ್ತದೆ

ಇದಕ್ಕೆ ಪುಸ್ತಕದಲ್ಲೇ ಉತ್ತರವಿದೆ: ವಿಶೇಷ ರೂಲ್ ಸಾಮಾನ್ಯ ರೂಲನ್ನು ಮೀರುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಎಷ್ಟು ಮೀರುತ್ತದೆ ಎಂಬುದರಲ್ಲಿ ಎಡವುತ್ತಾರೆ. ವಿಶೇಷ ರೂಲ್ ತಾನು ಹೆಸರಿಸಿದ್ದನ್ನು ಮಾತ್ರ ಮೀರುತ್ತದೆ.

ಎರಡು ಕೈಯಲ್ಲಿ ಎರಡು ಹ್ಯಾಂಡ್ ಕ್ರಾಸ್‌ಬೋ (ಚಿಕ್ಕ ಅಡ್ಡಬಿಲ್ಲು) ಹಿಡಿದು ಹಾರಿಸುತ್ತೇನೆ ಎನ್ನುವ ಆಟಗಾರ ಎಲ್ಲ ಟೇಬಲ್‌ನಲ್ಲೂ ಒಮ್ಮೆ ಬರುತ್ತಾನೆ. ಅವನ ಕೈಯಲ್ಲಿ ಕ್ರಾಸ್‌ಬೋ ಎಕ್ಸ್‌ಪರ್ಟ್ ಎಂಬ ಫೀಟ್ (ಪಾತ್ರದ ವಿಶೇಷ ಪರಿಣತಿ) ಇದೆ. 2014ರಲ್ಲಿ ಆ ಫೀಟ್ "ಲೋಡಿಂಗ್" ಎಂಬ ಗುಣವನ್ನು ಮರೆತುಬಿಡಿ ಎನ್ನುತ್ತದೆ. ಲೋಡಿಂಗ್ ಅಂದರೆ ಒಂದು ಆಕ್ಷನ್‌ಗೆ ಒಂದೇ ಸಲ ಹಾರಿಸಬಹುದು ಎಂಬ ಮಿತಿ. ಆದರೆ ಬಾಣ ತುಂಬಲು ಒಂದು ಕೈ ಖಾಲಿ ಇರಬೇಕು ಎಂಬ ಮಾತು ಲೋಡಿಂಗ್‌ನಲ್ಲಿ ಇಲ್ಲ. ಅದು "ಅಮ್ಯುನಿಶನ್" ಎಂಬ ಇನ್ನೊಂದು ಗುಣದಲ್ಲಿದೆ. ಫೀಟ್ ಅದನ್ನು ಮುಟ್ಟಿಲ್ಲ. ಹಾಗಾಗಿ ಎರಡೂ ಕೈ ತುಂಬಿದ್ದರೆ ಮೊದಲ ಬಾಣದ ನಂತರ ಕಥೆ ಮುಗಿಯಿತು. 2024ರ ಫೀಟ್‌ನಲ್ಲಿ ಖಾಲಿ ಕೈ ಇಲ್ಲದಿದ್ದರೂ ತುಂಬಬಹುದು ಎಂದು ಸೇರಿಸಿದ್ದಾರೆ. ಅಲ್ಲಿ ಅವನು ಗೆದ್ದ.

ಇಂಥ ಕಡೆ ಕಾಗದದ ಮೇಲೆ ಎರಡು ಕಾಲಂ ಎಳೆಯಿರಿ. ಎಡಕ್ಕೆ ಅಡ್ಡಿ ಮಾಡುವ ಎಲ್ಲ ರೂಲ್, ಬಲಕ್ಕೆ ವಿಶೇಷ ರೂಲ್ ಹೆಸರಿಟ್ಟು ತೆಗೆದದ್ದು. ಎಡಕ್ಕೆ ಏನಾದರೂ ಉಳಿದರೆ ಅದು ಇನ್ನೂ ಜೀವಂತ.

ಲಕ್ಷಣ: "ಯಾವುದು ಮೊದಲು?"

ಇಲ್ಲಿ ಜಾಸ್ತಿ ಹೊತ್ತು ಬೇಕಿಲ್ಲ. ಒಬ್ಬರ ಟರ್ನ್‌ನಲ್ಲಿ ಎರಡು ಸಂಗತಿ ಒಟ್ಟಿಗೆ ಆದರೆ, ಆ ಟರ್ನ್ ಯಾರದ್ದೋ ಆ ಪಾತ್ರ ಆಡಿಸುವವರು ಕ್ರಮ ಹೇಳುತ್ತಾರೆ. 2017ರ ಜಾನಥಾರ್ಸ್ ಗೈಡ್ ಟು ಎವ್ರಿಥಿಂಗ್ ಪುಸ್ತಕ ಕೊಟ್ಟ ರೂಲ್ ಇದು. ರಿಯಾಕ್ಷನ್ ಆದರೆ, ಬೇರೆ ಹೇಳದಿದ್ದಲ್ಲಿ, ಅದನ್ನು ಕೆಣಕಿದ ಘಟನೆ ಮುಗಿದ ಮೇಲೆ. ಶೀಲ್ಡ್ ಸ್ಪೆಲ್ ಬೇರೆ ಹೇಳುತ್ತದೆ: ಏಟು ತಾಗಿದ ಮೇಲೆ ಹಾಕಿದರೂ ಆ ಏಟಿಗೇ ರಕ್ಷಣೆ ಸಿಗುತ್ತದೆ. ಆಪರ್ಚುನಿಟಿ ಅಟ್ಯಾಕ್ ಕೂಡ ಬೇರೆ. ಶತ್ರು ಕೈಗೆ ಸಿಗುವ ದೂರ ದಾಟುವ ತುಸು ಮುಂಚೆ ಅದು ನಡೆಯುತ್ತದೆ.

ಲಕ್ಷಣ: ಪದ ಪದವೂ ಸರಿ, ಫಲಿತಾಂಶ ಮಾತ್ರ ವಿಚಿತ್ರ

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಇದು ಸುಮ್ನೆ ವಿಚಿತ್ರವಾ, ಅಥವಾ ಆಟವನ್ನೇ ಒಡೆಯುತ್ತದಾ?

ಕತ್ತಲಲ್ಲಿ ಇಬ್ಬರಿಗೂ ಒಬ್ಬರಿಗೊಬ್ಬರು ಕಾಣದಿದ್ದರೆ, ಕಾಣದವರನ್ನು ಹೊಡೆಯುವುದಕ್ಕೆ ಡಿಸ್‌ಅಡ್ವಾಂಟೇಜ್ (ಎರಡು ಡೈಸ್ ಹಾಕಿ ಕಡಿಮೆಯದು), ನಮ್ಮನ್ನು ಕಾಣದವರನ್ನು ಹೊಡೆಯುವುದಕ್ಕೆ ಅಡ್ವಾಂಟೇಜ್ (ಎರಡರಲ್ಲಿ ಹೆಚ್ಚಿನದು). ಎರಡೂ ಸೇರಿ ರದ್ದು. ಬೆಳಕಲ್ಲಿ ಹೊಡೆದಂತೆಯೇ ಒಂದೇ ಡೈಸ್. ವಿಚಿತ್ರ, ಹೌದು. ಆದರೆ ಆಟಕ್ಕೆ ಹಾನಿ ಇಲ್ಲ. ಅದನ್ನು ಹಾಗೇ ಬಿಡುತ್ತೇನೆ. ವಿಚಿತ್ರವಾದದ್ದನ್ನೆಲ್ಲ ರಿಪೇರಿ ಮಾಡಲು ಹೊರಟರೆ ಹೊಸ ತೂತುಗಳು ಬೀಳುತ್ತವೆ.

ಇನ್ನೊಂದು ಕಡೆ ಆಟಗಾರರಲ್ಲಿ ಪ್ರಸಿದ್ಧವಾದ ರೈತರ ಸಾಲಿನ ಉಪಾಯ ಇದೆ. ಸಾವಿರ ರೈತರನ್ನು ಸಾಲಾಗಿ ನಿಲ್ಲಿಸಿ. ಪ್ರತಿಯೊಬ್ಬರೂ ಈಟಿಯನ್ನು ಪಕ್ಕದವರಿಗೆ ಕೊಡಲು ರೆಡಿ ಆಕ್ಷನ್ (ಮೊದಲೇ ಸಿದ್ಧ ಮಾಡಿಟ್ಟ ಕೆಲಸ) ಇಟ್ಟುಕೊಂಡಿದ್ದಾರೆ. ರೌಂಡ್ ಅಂದರೆ 6 ಸೆಕೆಂಡ್. ಒಬ್ಬರಿಗೆ 5 ಅಡಿ ಜಾಗದಂತೆ ಈಟಿ 6 ಸೆಕೆಂಡಿನಲ್ಲಿ 5,000 ಅಡಿ ಸಾಗುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 250 ಮೀಟರ್. ಆ ವೇಗದಲ್ಲಿ ತಾಗಿದರೆ ಡ್ರ್ಯಾಗನ್ ಕೂಡ ಚೂರು ಎಂಬ ವಾದ.

ತಪ್ಪು ಎಲ್ಲಿದೆ ಎಂದು ನಿಧಾನವಾಗಿ ನೋಡಿ. ಈಟಿಯನ್ನು ಸಾಗಿಸುವಾಗ ಆಟದ ರೂಲ್ ಬಳಸಿದರು, ಕೈ ಬದಲಿಸಲು ಸಮಯ ಬೇಕು ಎಂಬ ಭೌತಶಾಸ್ತ್ರ ಬಿಟ್ಟರು. ಏಟು ಲೆಕ್ಕ ಹಾಕುವಾಗ ಭೌತಶಾಸ್ತ್ರ ಬಳಸಿದರು, ಆಟದ ರೂಲ್ ಬಿಟ್ಟರು. ಆಟದ ರೂಲ್ ಪ್ರಕಾರವೇ ಕೊನೆಯವರೆಗೆ ಹೋದರೆ, ಕೊನೆಯ ರೈತ ಎಸೆದ ಈಟಿಗೆ ಆರು ಮುಖದ ಡೈಸ್ ಒಂದು, ಅಷ್ಟೇ. ನಡುವೆ ದಾರಿ ಬದಲಿಸುವುದು ಈ ದೋಷದ ಗುರುತು. 2024ರ ಡಂಜನ್ ಮಾಸ್ಟರ್ಸ್ ಗೈಡ್ ಕೂಡ ಆಟದ ರೂಲ್‌ಗಳು ಭೌತಶಾಸ್ತ್ರವಲ್ಲ ಎಂದು ನೇರವಾಗಿ ಹೇಳುತ್ತದೆ. ಉಪಾಯ ತಂದವರನ್ನು ಬೈಯಬೇಡಿ. ಅವರು ರೂಲ್‌ಗಳನ್ನು ಪ್ರೀತಿಯಿಂದ ಓದಿದ್ದಾರೆ. ಯಾವ ಹೆಜ್ಜೆಯಲ್ಲಿ ದಾರಿ ಬದಲಾಯಿತು ಎಂದು ತೋರಿಸಿ, ಸಾಕು.

ಲಕ್ಷಣ: ಎಲ್ಲ ನೋಡಿದ್ದಾಯಿತು, ಎರಡು ಅರ್ಥ ಇನ್ನೂ ನಿಂತಿವೆ

ಮ್ಯಾಜಿಕ್ ಮಿಸೈಲ್ ಈ ಜಾತಿಯದ್ದು. 2014ರ ಕಾನ್ಸಂಟ್ರೇಶನ್ ರೂಲ್ ಏಟಿನ ಮೂಲ ಬೇರೆ ಬೇರೆಯಾದರೆ ಪ್ರತಿಯೊಂದಕ್ಕೂ ಬೇರೆ ಸೇವ್ ಎನ್ನುತ್ತದೆ. ಅದು ಕೊಡುವ ಉದಾಹರಣೆ ಒಂದು ಬಾಣ ಮತ್ತು ಡ್ರ್ಯಾಗನ್‌ನ ಉಸಿರು. ಮ್ಯಾಜಿಕ್ ಮಿಸೈಲ್ ಮೂರು ಬಾಣವೂ ಒಂದೇ ಕ್ಷಣದಲ್ಲಿ ತಾಗುತ್ತವೆ ಎನ್ನುತ್ತದೆ. ಮೂರು ಬಾಣ ಅಂದರೆ ಮೂರು ಮೂಲವಾ? ಒಂದೇ ಸ್ಪೆಲ್, ಹಾಗಾದರೆ ಒಂದೇ ಮೂಲವಾ? ಎರಡೂ ಪ್ರಾಮಾಣಿಕ ಓದು.

ಫಲಿತಾಂಶದಲ್ಲಿ ವ್ಯತ್ಯಾಸ ಎಷ್ಟು ಎಂದು ಲೆಕ್ಕ ಹಾಕಿ. ಒಂದು ಬಾಣಕ್ಕೆ ಹೆಚ್ಚೆಂದರೆ 5 ಏಟು, ಮೂರೂ ಸೇರಿ 15. ಹೇಗೆ ಎಣಿಸಿದರೂ ಸೇವ್‌ಗೆ ಬೇಕಾದದ್ದು 10. ಸೇವ್‌ಗೆ 1 ಸೇರಿಸಿಕೊಳ್ಳುವ ವಿಝರ್ಡ್ ಒಂದು ಸಲ ಗೆಲ್ಲುವ ಸಂಭವ ನೂರಕ್ಕೆ 60. ಮೂರೂ ಸಲ ಗೆಲ್ಲುವುದು ನೂರಕ್ಕೆ ಸುಮಾರು 22. ಇದು ಸಣ್ಣ ವಿಷಯ ಅಲ್ಲ ಎಂದು ಆ ಭಾನುವಾರ ನಾನು ಲೆಕ್ಕ ಹಾಕಿದ್ದರೆ ತಕ್ಷಣ ತಿಳಿಯುತ್ತಿತ್ತು.

ಇಂಥಲ್ಲಿ ನಾನು ಮಾಡುವುದು ಇಷ್ಟು. ಐದು ನಿಮಿಷ ಟೈಮರ್ ಇಡುತ್ತೇನೆ. ಆಟಗಾರರು ಯಾವ ಅರ್ಥ ನಂಬಿ ಆ ಹೆಜ್ಜೆ ಇಟ್ಟರು ಎಂದು ಕೇಳುತ್ತೇನೆ. ಹಿಂದೆ ಇದೇ ಪ್ರಶ್ನೆಗೆ ಏನು ಹೇಳಿದ್ದೆವು ಎಂದು ನೋಟ್‌ಬುಕ್ ನೋಡುತ್ತೇನೆ. ಇದ್ದರೆ ಅದೇ ತೀರ್ಪು, ಇಷ್ಟವಾಗದಿದ್ದರೂ. ಇಲ್ಲದಿದ್ದರೆ, ಹಿಂದಕ್ಕೆ ತರಲಾಗದ ನಷ್ಟ ತಪ್ಪಿಸುವ ಅರ್ಥವನ್ನು ಆ ದಿನಕ್ಕೆ ಆರಿಸುತ್ತೇನೆ. ಅದೇ ತೀರ್ಪು ರಾಕ್ಷಸರಿಗೂ. ಈ ಕೊನೆಯ ಮಾತು ಗಟ್ಟಿಯಾಗಿ ಹೇಳಲೇಬೇಕು, ಆಗ ಜಗಳ ಅರ್ಧ ಇಳಿಯುತ್ತದೆ.

ಹೊರಗಿನ ಸಹಾಯ ಬೇಕಾದರೆ ಆಟ ಮುಗಿದ ಮೇಲೆ. ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಸೇಜ್ ಅಡ್ವೈಸ್ ಕಂಪೆಂಡಿಯಂ ಎಂಬ ಉಚಿತ ಪ್ರಶ್ನೋತ್ತರ ಸಂಗ್ರಹ ಇಟ್ಟಿದೆ. ಅಧಿಕೃತ ಉತ್ತರ ಅದರಲ್ಲಿರುವುದು. ಆಟದ ವಿನ್ಯಾಸಕರು ಟ್ವಿಟರ್‌ನಲ್ಲಿ ಬರೆದದ್ದು ಸಲಹೆ ಮಾತ್ರ. ಮುಖ್ಯ ರೂಲ್ ವಿನ್ಯಾಸಕರಾಗಿದ್ದ ಜೆರೆಮಿ ಕ್ರಾಫರ್ಡ್ ಉತ್ತರಿಸುವಾಗ ಮೂರು ದಿಕ್ಕಿನಿಂದ ನೋಡುತ್ತಿದ್ದರು: ಬರೆದ ಮಾತು ಏನು, ಬರೆದವರ ಉದ್ದೇಶ ಏನು, ಟೇಬಲ್‌ಗೆ ಯಾವುದು ಚೆನ್ನ. ಇವು ಬೇರೆ ಬೇರೆ ಉತ್ತರ ಕೊಡಬಹುದು. 2014ರ ಇನ್‌ವಿಸಿಬಲ್ ಸ್ಥಿತಿ ನೋಡಿ. ನಿಮಗೆ ಅದೃಶ್ಯನನ್ನು ನೋಡುವ ಶಕ್ತಿ ಇದ್ದರೂ, ಬರೆದ ಮಾತಿನ ಪ್ರಕಾರ ಅವನಿಗೆ ಅಡ್ವಾಂಟೇಜ್ ಉಳಿಯುತ್ತಿತ್ತು. ತುಂಬ ಟೇಬಲ್‌ಗಳು ಅದನ್ನು ಒಪ್ಪಲಿಲ್ಲ. 2024ರಲ್ಲಿ ಕಾಣುವವರ ಮೇಲೆ ಆ ಲಾಭ ಇಲ್ಲ ಎಂದು ತಿದ್ದಿದರು.

ಲಕ್ಷಣ: ವಾರವಾರ ಅದೇ ಇಬ್ಬರು, ರೂಲ್ ಮಾತ್ರ ಬೇರೆ

ಇಲ್ಲಿ ನಿಲ್ಲಿಸಿ. ಇದು ರೂಲ್‌ನ ದೋಷ ಅಲ್ಲ. ಎಷ್ಟು ಪುಸ್ತಕ ತಂದರೂ ಸರಿಹೋಗುವುದಿಲ್ಲ.

ಒಬ್ಬರು ತಮ್ಮ ಪಾತ್ರಕ್ಕೆ ಅವಕಾಶ ಸಿಗುತ್ತಿಲ್ಲ ಎಂದು ನೊಂದಿರಬಹುದು. ಡಿಎಂ ಒಬ್ಬರ ಕಡೆ ವಾಲುತ್ತಿದ್ದಾರೆ ಅನ್ನಿಸಿರಬಹುದು. ಟೇಬಲ್‌ನಿಂದ ಹೊರಗೆ, ಇಬ್ಬಿಬ್ಬರೇ ಕೂತು ಮಾತಾಡಿ, ಪುಸ್ತಕ ಇಲ್ಲದೆ. ಹೊಸ ಕಥೆ ಶುರು ಮಾಡುವಾಗ ಸೆಷನ್ ಝೀರೋ ಇಟ್ಟುಕೊಳ್ಳಿ, ಅಂದರೆ ಆಟವಿಲ್ಲದೆ ಬರೀ ಮಾತಿನ ದಿನ. ಗೊಂದಲ ಬಂದರೆ ಯಾರು ತೀರ್ಮಾನಿಸುತ್ತಾರೆ ಎಂದು ಅವತ್ತೇ ಒಪ್ಪಿಕೊಳ್ಳಿ. ಯಾರಿಗಾದರೂ ಕಥೆಯ ವಿಷಯವೇ ಕಷ್ಟವಾಗುತ್ತಿದ್ದರೆ ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ ಎಕ್ಸ್ ಕಾರ್ಡ್ ಟೇಬಲ್ ಮಧ್ಯೆ ಇಡಿ. ಯಾರು ಮುಟ್ಟಿದರೂ ಆ ಭಾಗ ಅಲ್ಲಿಗೆ ಬಿಡುವುದು. ಕಾರಣ ಕೇಳುವಂತಿಲ್ಲ.

ಜಗಳ ಆಡುವವರಿಗಿಂತ ಸುಮ್ಮನಾದವರನ್ನು ಜಾಸ್ತಿ ಗಮನಿಸಿ. ಆ ಭಾನುವಾರ ನಾವು ಮೂರು ಜನ ಸೇವ್ ಒಂದಾ ಮೂರಾ ಎಂದು ಮುಕ್ಕಾಲು ಗಂಟೆ ವಾದ ಮಾಡಿದೆವು. ವಿಝರ್ಡ್ ಯಾರದ್ದೋ, ಅವಳು ಒಂದು ಮಾತೂ ಆಡಲಿಲ್ಲ. ಡೈಸ್‌ಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ನಾನು ಅದನ್ನು ನೋಡಿದೆ, ಆದರೆ ಅರ್ಥ ಮಾಡಿಕೊಳ್ಳಲಿಲ್ಲ. ಮರುದಿನ ಫೋನ್ ಮಾಡಿ ಕ್ಷಮೆ ಕೇಳಿದೆ, ವಿಝರ್ಡ್‌ನನ್ನು ಬದುಕಿಸೋಣ ಎಂದೆ. ಬೇಡ ಅಂದಳು, ಹೊಸ ಪಾತ್ರ ಆಗಲೇ ಮನಸ್ಸಿಗೆ ಬಂದಿತ್ತು. ತೀರ್ಪನ್ನು ಮಾತ್ರ ಬರೆದಿಡಿ ಅಂದಳು. ನಮ್ಮ ನೋಟ್‌ಬುಕ್‌ನ ಮೊದಲ ಸಾಲು ಅವಳ ಕೈಬರಹದಲ್ಲೇ ಇದೆ: "ಮ್ಯಾಜಿಕ್ ಮಿಸೈಲ್, ಒಬ್ಬರಿಗೇ ಎಷ್ಟು ಬಾಣ ತಾಗಿದರೂ ಒಂದೇ ಸೇವ್. ರಾಕ್ಷಸರಿಗೂ."